ಲೈಬ್ರರಿಯ ಚಳಿಗಾಲದ ಓದಿಗೆ ಈ ಸಲ ಕ್ರೈಂ ಥೀಮ್, ಸೇರಬಹುದಾ?

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ. ಊರಿನ ಪಬ್ಲಿಕ್ ಲೈಬ್ರರಿಯ ಚಳಿಗಾಲದ ಓದು ಕಾರ್ಯಕ್ರಮಕ್ಕೆ ಕ್ರೈಂ ಥೀಮ್ ಇಟ್ಟಿದ್ದಾರೆ. ಇಂಗ್ಲಿಷ್ ಓದು ನಿಧಾನ, ರಕ್ತಪಾತ ಓದೋಕೆ ಆಗಲ್ಲ, ವೀಸಾ ಮೇಲೆ ಇರುವವರು ವಿಷ, ಕೊಲೆ ಅಂತ ಪುಸ್ತಕ ತೊಗೊಂಡರೆ ತೊಂದರೆ ಆಗುತ್ತಾ ಅನ್ನುವ ಭಯ ಬೇರೆ. ಇದು ನಿಮ್ಮ ಪ್ರಶ್ನೆ, ಅಲ್ವಾ? ಖಂಡಿತ ಸೇರಿ.

ನಾನಿರುವುದು ಮಿಶಿಗನ್‌ನಲ್ಲಿ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಹೊರಗೆ ಹಿಮ. ಮುಂದೇನಾಯ್ತು ಅಂತ ಪುಟ ತಿರುಗಿಸುವ ಕಥೆಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ದುಡ್ಡೇನೂ ಕೊಡಬೇಕಿಲ್ಲ. ಲೈಬ್ರರಿ ಕಾರ್ಡ್ ಇಲ್ಲದಿದ್ದರೆ ಪಾಸ್‌ಪೋರ್ಟ್ ಜೊತೆ ವಿಳಾಸ ಇರುವ ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ತೊಗೊಂಡು ಹೋಗಿ. ನಮ್ಮಲ್ಲಿ ಕ್ರೈಂ ಥೀಮ್ ಇದ್ದಾಗ ಚೌಕಗಳಿದ್ದ ಒಂದು ಹಾಳೆ ಕೊಟ್ಟಿದ್ದರು. ಪುಸ್ತಕ ಮುಗಿಸಿದಾಗೆಲ್ಲ ಕೌಂಟರಿನ ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿ ಒಂದು ಚೌಕ ತುಂಬಬೇಕು. ವಯಸ್ಸಾದವರೂ ಖುಷಿಯಿಂದ ಸಾಲಲ್ಲಿ ನಿಲ್ಲುತ್ತಿದ್ದರು. ಹಾಳೆ ತುಂಬಿದರೆ ಒಂದು ಕಾಫಿ ಮಗ್.

ರಕ್ತಪಾತ ಬೇಡ ಅಂದರೆ ‘ಕೋಜಿ ಮಿಸ್ಟರಿ’ ಎಲ್ಲಿದೆ ಅಂತ ಕೇಳಿ. ಸಣ್ಣ ಊರು, ಒಂದು ಬೇಕರಿ, ಒಂದು ಬೆಕ್ಕು. ಕೊಲೆ ತೆರೆಮರೆಯಲ್ಲೇ ಆಗಿಹೋಗಿರುತ್ತದೆ. ಭಾಷೆಯೂ ಸುಲಭ. ನಿಜವಾಗಿ ನಡೆದ ಕೊಲೆಗಳ ಪುಸ್ತಕಗಳು ಸಾಮಾನ್ಯವಾಗಿ 364ನೇ ನಂಬರಿನ ಕಪಾಟಿನಲ್ಲಿರುತ್ತವೆ. ಅಲ್ಲಿಂದ ಶುರು ಮಾಡಬೇಡಿ ಅಂತಲೇ ಹೇಳುತ್ತೇನೆ. ಸತ್ತವರ ಮನೆಯವರು ಇನ್ನೂ ಎಲ್ಲೋ ಇರುತ್ತಾರೆ. ಅವರ ನೋವನ್ನು ಸುಮ್ನೆ ರಂಜನೆಗೆ ಬಳಸುವ ಪುಸ್ತಕಗಳು ಜಾಸ್ತಿ. ಓದಲೇಬೇಕು ಅನ್ನಿಸಿದರೆ ಲೈಬ್ರರಿಯನ್ ಹತ್ತಿರ ಕೇಳಿ, ಒಳ್ಳೆಯದನ್ನು ಆರಿಸಿಕೊಡುತ್ತಾರೆ.

ನಿಧಾನಕ್ಕೆ ಓದುವುದು ಒಂದು ಸಮಸ್ಯೆಯೇ ಅಲ್ಲ. ಲೈಬ್ರರಿಯ ಪುಸ್ತಕಗಳನ್ನು ಫೋನಿಗೇ ತರುವ ಲಿಬ್ಬಿ ಆ್ಯಪ್‌ನಲ್ಲಿ ಆಡಿಯೋ ಪುಸ್ತಕ ಪುಕ್ಕಟೆ ಸಿಗುತ್ತದೆ, ಅದನ್ನು ಕೇಳಿದರೂ ನಮ್ಮಲ್ಲಿ ಲೆಕ್ಕಕ್ಕೆ ಬರುತ್ತದೆ. ಕನ್ನಡ ಪುಸ್ತಕ ಓದಿದರೂ ಲೆಕ್ಕಕ್ಕೆ ಬರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿ ಓದಿ ನಾನೂ ಹೆಬ್ಬೆಟ್ಟು ಒತ್ತಿದ್ದೇನೆ. ಯಾವ ಭಾಷೆಯಾದರೂ ಓದು ಓದೇ ಅಂದರು ಕೌಂಟರಿನವರು. ನಿಮ್ಮಲ್ಲಿ ಹೇಗೆ ಅಂತ ಒಮ್ಮೆ ಕೇಳಿಕೊಳ್ಳಿ.

ಓದುವುದರ ಜೊತೆಗೆ ಸಂಜೆಯ ಕಾರ್ಯಕ್ರಮಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನಮ್ಮಲ್ಲಿ ನಿವೃತ್ತ ಫಾರ್ಮಸಿಸ್ಟ್ ಒಬ್ಬರು ವಿಷಗಳ ಬಗ್ಗೆ ಮಾತಾಡಿದರು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು, ವಿಷಗಳ ವಿಚಾರ ಅಲ್ಲೇ ಕಲಿತದ್ದು ಅಂದರು. ಆಮೇಲೆ ಆರ್ಸೆನಿಕ್ ಕಥೆ. ಬಿಳಿ ಪುಡಿ, ರುಚಿ ಇಲ್ಲ, ತಿಂದವರಿಗೆ ಕಾಲರಾ ಬಂದಂತೆ ವಾಂತಿ-ಭೇದಿ. ಹಾಗಾಗಿ ಹಿಂದೆ ಎಷ್ಟೋ ಕೊಲೆಗಾರರು ಸಿಕ್ಕಿಬೀಳಲೇ ಇಲ್ಲ. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಒಂದು ಪರೀಕ್ಷೆ ಪ್ರಕಟಿಸಿದರು. ಅನುಮಾನ ಇರುವ ವಸ್ತುವಿಗೆ ಸತು ಮತ್ತು ಆಮ್ಲ ಸೇರಿಸಬೇಕು. ಏಳುವ ಅನಿಲಕ್ಕೆ ಬೆಂಕಿ ಹಚ್ಚಿ, ಆ ಉರಿಗೆ ತಣ್ಣಗಿನ ಪಿಂಗಾಣಿ ತಟ್ಟೆ ಹಿಡಿಯಬೇಕು. ಆರ್ಸೆನಿಕ್ ಇದ್ದರೆ ತಟ್ಟೆಯ ಮೇಲೆ ಮಿರಮಿರ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಅದನ್ನು ಕೇಳಿದ ಮೇಲೆ ಹಳೆಯ ಪತ್ತೇದಾರಿ ಕಥೆಗಳನ್ನು ಬೇರೆ ಥರ ಓದತೊಡಗಿದೆ.

ಇನ್ನು ವೀಸಾ ಭಯ. ಯಾರು ಯಾವ ಪುಸ್ತಕ ತೊಗೊಂಡರು ಅನ್ನುವುದನ್ನು ಗುಟ್ಟಾಗಿಡುವ ಕಾನೂನು ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದೆ. ಮಿಶಿಗನ್‌ನಲ್ಲಿ ಅದು 1982ರದು. ನಿಮ್ಮ ಒಪ್ಪಿಗೆಯೋ ಕೋರ್ಟಿನ ಆದೇಶವೋ ಇಲ್ಲದೆ ಲೈಬ್ರರಿಯವರು ಇಲ್ಲಿ ಆ ವಿವರ ಕೊಡುವಂತಿಲ್ಲ. ಅಷ್ಟಕ್ಕೂ ಕಾರ್ಯಕ್ರಮ ಇಟ್ಟಿರುವುದೇ ಅವರು. ಧೈರ್ಯವಾಗಿ ತೊಗೊಳ್ಳಿ. ನೀವು ಯಾವ ರಾಜ್ಯದಲ್ಲಿದ್ದೀರಿ ಅಂತ ತಿಳಿಸಿ, ಅಲ್ಲಿನ ಕಾನೂನು ಹುಡುಕಿ ಹೇಳುತ್ತೇನೆ.