ಕೆರೆಯ ದಂಡೆಯಲ್ಲಿ ಹಕ್ಕಿ, ಪ್ರಾಣಿಗಳಿಗೆ ನೆಲೆ ಉಳಿಸುವುದು ಹೇಗೆ? ಯಾವ ಗಿಡ ನೆಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಜಗಳೂರು ತಾಲ್ಲೂಕಿನ ನಿಮ್ಮೂರಿನ ಕೆರೆಗೆ, 57 ಕೆರೆಗಳನ್ನು ತುಂಬಿಸುವ ಯೋಜನೆಯಲ್ಲಿ ತುಂಗಭದ್ರೆಯ ನೀರು ಬಂದಿದೆ, ನೀರಿನ ಹಿಂದೆಯೇ ಹಕ್ಕಿಗಳೂ ಬಂದಿವೆ. ಪಂಚಾಯಿತಿಯವರು ಕೆರೆಯ ಸುತ್ತ ನಡಿಗೆ ಪಥ, ತಂತಿ ಬೇಲಿ ಮತ್ತು ಸಾಲುಮರಗಳ ಯೋಜನೆ ಹಾಕಿದ್ದಾರೆ. ನಿಮ್ಮ ಎರಡು ಎಕರೆ ಹೊಲ ಕೆರೆಯ ಹಿಂಬದಿಗೆ ತಾಗಿಕೊಂಡಿದೆ. ಹಕ್ಕಿಗಳು ಉಳಿಯಬೇಕಾದರೆ ದಂಡೆಯಲ್ಲಿ ಯಾವ ಗಿಡ ನೆಡಬೇಕು ಎಂದು ಕೇಳಿದ್ದೀರಿ.

ಗಿಡದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ದಂಡೆಯ ಇಳಿಜಾರು. ನಾನು ದಾವಣಗೆರೆ ಮತ್ತು ಚಿತ್ರದುರ್ಗದ ಸುತ್ತಮುತ್ತ ಕೆರೆ ಕಾಮಗಾರಿಗಳನ್ನು ಮಾಡಿಸಿ ನಿವೃತ್ತನಾದ ಎಂಜಿನಿಯರು. ಹಕ್ಕಿಗಳನ್ನು ನೋಡುವ ಅಭ್ಯಾಸ ಸೇವೆಯ ಕೊನೆಯ ವರ್ಷಗಳಲ್ಲಿ ಹತ್ತಿತು, ಅಷ್ಟರಲ್ಲಿ ಒಂದೆರಡು ಕೆರೆಗಳ ದಂಡೆಯನ್ನು ನನ್ನ ಕೈಯಾರೆ ಕೆಡಿಸಿಯಾಗಿತ್ತು. ಆದ್ದರಿಂದ ಈ ಉತ್ತರದಲ್ಲಿ ಓದಿದ್ದಕ್ಕಿಂತ ಪಟ್ಟ ಪಶ್ಚಾತ್ತಾಪವೇ ಹೆಚ್ಚಿದೆ.

ನಮ್ಮ ಕಡೆಯ ಕೆರೆಗೆ ಎರಡು ಬಗೆಯ ದಂಡೆಗಳಿರುತ್ತವೆ. ಒಂದು ಏರಿ. ಅದು ಮನುಷ್ಯ ಕಟ್ಟಿದ್ದು, ಕಡಿದಾದದ್ದು, ನೀರಿನ ಬದಿಗೆ ಕಲ್ಲು ಹೊದಿಸಿದ್ದು. ಇನ್ನೊಂದು ಕೆರೆಯ ಹಿಂಬದಿಯ ಅಂಗಳ. ಅಲ್ಲಿ ನೆಲ ತೀರಾ ನಿಧಾನವಾಗಿ ಏರುತ್ತಾ ಹೋಗಿ, ಎಲ್ಲಿ ಕೆರೆ ಮುಗಿದು ಎಲ್ಲಿ ಹೊಲ ಶುರುವಾಯಿತು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ಊರಿನವರಿಗೆ ಕೆರೆಯೆಂದರೆ ಏರಿ, ಏಕೆಂದರೆ ರಸ್ತೆ, ತೂಬು, ದೇವಸ್ಥಾನ ಎಲ್ಲವೂ ಆ ಕಡೆಗೇ ಇರುತ್ತವೆ. ಹಕ್ಕಿಗಳಿಗೆ ಕೆರೆಯೆಂದರೆ ಹಿಂಬದಿ. ಚನ್ನಗಿರಿಯ ಸೂಳೆಕೆರೆಯನ್ನೇ ನೋಡಿ: ಎರಡು ಗುಡ್ಡಗಳ ನಡುವಿನ ಅದರ ಏರಿ ಹೆಚ್ಚೆಂದರೆ ಸಾವಿರ ಅಡಿ, ಆದರೆ ನೀರು ಹರಡಿಕೊಳ್ಳುವ ಜಾಗ 6,000 ಎಕರೆಗೂ ಹೆಚ್ಚು. ಏರಿಯ ಮೇಲೆ ನಿಂತು ಫೋಟೊ ತೆಗೆದುಕೊಂಡು ಬರುವವರು ಆ ಕೆರೆಯ ದಂಡೆಯಲ್ಲಿ ನೂರರಲ್ಲಿ ಒಂದು ಪಾಲನ್ನೂ ಕಂಡಿರುವುದಿಲ್ಲ.

ಇಳಿಜಾರಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲು ಮತ್ತು ಗಾಳಿಗೆ ಆವಿಯಾಗಿಯೇ ಕೆರೆಯ ನೀರು ತಿಂಗಳಿಗೆ ಸುಮಾರು 20 ಸೆಂಟಿಮೀಟರ್ ಇಳಿಯುತ್ತದೆ. ದಂಡೆಯು ಇಪ್ಪತ್ತಕ್ಕೆ ಒಂದರಂತೆ, ಅಂದರೆ 20 ಅಡಿ ನಡೆದರೆ ಒಂದು ಅಡಿ ಆಳವಾಗುವಂತೆ ಇದ್ದರೆ, ಆ 20 ಸೆಂಟಿಮೀಟರ್ ಇಳಿತಕ್ಕೆ 4 ಮೀಟರ್ ಅಗಲದ ಹಸಿ ಕೆಸರು ಕೆರೆಯ ಉದ್ದಕ್ಕೂ ತೆರೆದುಕೊಳ್ಳುತ್ತದೆ. ಅದೇ ದಂಡೆಯನ್ನು ಜೆಸಿಬಿಯಿಂದ ಎರಡಕ್ಕೆ ಒಂದರಂತೆ ಕೊರೆದರೆ ತೆರೆದುಕೊಳ್ಳುವುದು 40 ಸೆಂಟಿಮೀಟರ್, ಒಂದು ಮೊಳಕ್ಕಿಂತ ಕಡಿಮೆ. ಆ ಕೆಸರಿನಲ್ಲಿಯೇ ಹುಳು, ಬಸವನಹುಳು, ಗೊದಮೊಟ್ಟೆಗಳಿರುವುದು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಬಂದು ತಂಗುವ ವಲಸೆ ಗೊರವಗಳು ಮೇಯುವುದು ಅಲ್ಲಿಯೇ. ಸಣ್ಣ ಗೊರವಗಳಿಗೆ ನಾಲ್ಕೈದು ಸೆಂಟಿಮೀಟರ್ ನೀರು ಸಾಕು, ಅದಕ್ಕಿಂತ ಹೆಚ್ಚಾದರೆ ಅವು ನಿಲ್ಲಲಾರವು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಗೇಣುದ್ದದ ನೀರಿಗೆ ಇಳಿಯುತ್ತದೆ. ಬಾತುಗಳಲ್ಲಿ ತಲೆಕೆಳಗಾಗಿ ಮೇಯುವಂಥವುಗಳಿಗೆ ಒಂದು ಅಡಿಯ ಆಸುಪಾಸಿನ ಆಳ ಬೇಕು. ನಾಮದ ಕೋಳಿ, ಗುಳುಮುಳುಕ, ನೀರುಕಾಗೆಗಳು ಆಳದ ನೀರಿನವು. ಇಳಿಜಾರು ನಿಧಾನವಾಗಿದ್ದರೆ ಒಂದೇ ದಂಡೆಯಲ್ಲಿ ಈ ಎಲ್ಲ ಆಳಗಳೂ ಒಂದರ ಪಕ್ಕ ಒಂದು ಸಿಗುತ್ತವೆ, ನೀರು ಇಳಿದಂತೆಲ್ಲ ಜಾಗ ಬದಲಿಸುತ್ತಾ ಹೋಗುತ್ತವೆ. ಕಡಿದಾಗಿ ಕೊರೆದರೆ ಕೆರೆಯು ಬಾಣಲೆಯಂತಿದ್ದುದು ಹಂಡೆಯಂತಾಗುತ್ತದೆ. ಉಳಿಯುವುದು ಆಳದ ನೀರಿನ ಹಕ್ಕಿಗಳು ಮಾತ್ರ.

ನಾನು ಕೆಡಿಸಿದೆ ಎಂದೆನಲ್ಲ, ಅದು ಹೀಗೆ. ಚಿತ್ರದುರ್ಗದ ಕಡೆಯ ಒಂದು ಸಣ್ಣ ಕೆರೆಯಲ್ಲಿ ಒತ್ತುವರಿ ತಡೆಯಬೇಕೆಂದು ಸುತ್ತಲೂ ಆಳವಾದ ಕಂದಕ ತೋಡಿಸಿ, ಅದೇ ಮಣ್ಣನ್ನು ಕಂದಕದ ಹೊರಗೆ ಬದುವಾಗಿ ಏರಿಸಿದೆವು. ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು, ಒತ್ತುವರಿಯೂ ನಿಂತಿತು. ಆದರೆ ಹಿಂಬದಿಯಿಂದ ಹರಿದು ಬರುತ್ತಿದ್ದ ಮಳೆನೀರು ಬದುವಿನ ಹೊರಗೇ ನಿಂತು ಹೊಲಗಳನ್ನು ಕೆಡಿಸಿತು. ಕುರಿಗಳು ನೀರಿಗಿಳಿಯಲಾರದೆ ಹೋದವು. ಅದುವರೆಗೆ ಪ್ರತಿ ವರ್ಷ ಹಿಂಬದಿಯ ಬಯಲಿನಲ್ಲಿ ಮೊಟ್ಟೆಯಿಡುತ್ತಿದ್ದ ಟಿಟ್ಟಿಭಗಳು ಕಾಣೆಯಾದವು. ನೀರಾಮೆಗಳ ಕಥೆ ಇನ್ನೂ ಕೆಟ್ಟದ್ದು: ಅವು ಮೊಟ್ಟೆಯಿಡಲು ದಂಡೆಯ ಮೆತ್ತನೆಯ ಮಣ್ಣಿಗೆ ಹತ್ತಬೇಕು, ಕೆರೆ ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು ಮುಂದಿನ ಮಳೆಗೆ ಕಾಯಬೇಕು. ಹತ್ತಲು ದಾರಿಯಿಲ್ಲದಂತೆ ಮಾಡಿದವನು ನಾನೇ.

ಆದ್ದರಿಂದ ಪಂಚಾಯಿತಿಯ ಯೋಜನೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಡಿಗೆ ಪಥ ಬೇಕೆಂದರೆ ಏರಿಯ ಮೇಲೆ ಮಾಡಲಿ, ಏರಿಯಲ್ಲಿಯೇ ಮುಗಿಯಲಿ. ಊರವರು ಬೆಳಿಗ್ಗೆ, ಸಂಜೆ ಕೆರೆಯನ್ನು ನೋಡುತ್ತಿದ್ದರೆ ಕೆರೆಗೂ ಒಳ್ಳೆಯದು. ಆದರೆ ಪಥವು ಪೂರ್ತಿ ಒಂದು ಸುತ್ತು ಬಂದರೆ, ಹಕ್ಕಿಗಳು ಯಾವ ಕಡೆ ಹಾರಿದರೂ ಜನ ಎದುರಾಗುತ್ತಾರೆ. ದಂಡೆಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ, ಅದರಲ್ಲೂ ಹಿಂಬದಿಗೆ, ಪಥವಾಗಲಿ ದೀಪವಾಗಲಿ ಬೇಡ. ತಂತಿ ಬೇಲಿಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿಯೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ನೀರಿನಿಂದ ಬಹಳ ದೂರ ಇರಲಾರದ ಪ್ರಾಣಿ. ನಿಮ್ಮ ಕೆರೆ ಕಾಡಿಗೆ ಹತ್ತಿರವಿದ್ದರೆ ರಾತ್ರಿ ಯಾರು ಯಾರು ನೀರು ಕುಡಿಯಲು ಬರುತ್ತಾರೆ ಎಂಬುದನ್ನು ಬೆಳಗಿನ ಜಾವ ಕೆಸರಿನ ಮೇಲಿನ ಹೆಜ್ಜೆಗಳಲ್ಲಿ ಓದಬಹುದು. ಕುರಿಗಾಹಿಗಳನ್ನೂ ಹೊರಗಿಡಬೇಡಿ. ಕುರಿ ಮೇದು ಗಿಡ್ಡವಾದ ಗರಿಕೆಯ ಬಯಲು ಟಿಟ್ಟಿಭಕ್ಕೂ ಬಾತುಗಳಿಗೂ ಬೇಕು. ಮೇಯದೆ ಬಿಟ್ಟರೆ ಮೂರು ವರ್ಷಗಳಲ್ಲಿ ಅದು ಬಳ್ಳಾರಿ ಜಾಲಿ ಎಂಬ ಹೊರಗಿನಿಂದ ಬಂದ ಮುಳ್ಳುಗಿಡದ ಪೊದೆಯಾಗುತ್ತದೆ.

ಈಗ ಗಿಡದ ಮಾತು. ಏರಿಯ ಮೇಲೆ ಮರ ನೆಡಲೇಬಾರದು. ಇದು ಹಕ್ಕಿಗಳ ವಿಚಾರವಲ್ಲ, ಊರಿನ ಸುರಕ್ಷತೆಯ ವಿಚಾರ: ಬೇರು ಏರಿಯೊಳಗೆ ಹೋಗಿ, ಮರ ಸತ್ತು ಬೇರು ಕೊಳೆತ ಮೇಲೆ ಅದೇ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಗೆ ಹುಲ್ಲೇ ಸರಿ. ಹಿಂಬದಿಯ ಬಯಲಿನಲ್ಲಿಯೂ ಎಲ್ಲ ಕಡೆ ಸಸಿ ನೆಡುವ ಉತ್ಸಾಹ ಬೇಡ, ಏಕೆಂದರೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಹತ್ತಿರದ ಮರವೆಂದರೆ ಕಾಗೆ, ಗಿಡುಗಗಳು ಕಾದು ಕೂರುವ ಕೊಂಬೆ. ನೀರು ಒಳಬರುವ ಹಳ್ಳದ ಬಾಯಿಯಲ್ಲಿ ಮಾತ್ರ ದಟ್ಟವಾಗಿ ಬೆಳೆಸಿ: ಮೇಲ್ಭಾಗದಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ, ತೇವದಲ್ಲಿ ಲಕ್ಕಿ, ಲಾವಂಚ, ನೀರಿನೊಳಗೆ ಜೊಂಡು. ಜೊಂಡನ್ನು ನೆಡುವ ಕಷ್ಟವೂ ಬೇಕಿಲ್ಲ, ಕೀಳದಿದ್ದರೆ ತಾನೇ ಬರುತ್ತದೆ. ಹೊಲಗಳಿಂದ ಬರುವ ಹೂಳು ಮತ್ತು ಗೊಬ್ಬರದ ಅಂಶ ಅಲ್ಲಿ ತಡೆದು ನಿಲ್ಲುತ್ತದೆ. ಜಂಬುಕೋಳಿ, ಹುಂಡುಕೋಳಿಗಳ ಮನೆಯೂ ಅದೇ. ಕಾಡುಬೆಕ್ಕು ಕೂಡ ಅಲ್ಲಿ ಹೊಂಚು ಹಾಕುತ್ತದೆ. ಆದರೆ ಜೊಂಡು ಅಂಗಳವನ್ನೆಲ್ಲ ಆಕ್ರಮಿಸಲು ಬಿಡಬಾರದು. ಬೇಸಿಗೆಯಲ್ಲಿ ಮೂರರಲ್ಲಿ ಒಂದು ಭಾಗವನ್ನು ಕೊಯ್ದು, ಮಿಕ್ಕದ್ದನ್ನು ಮುಂದಿನ ವರ್ಷಗಳಿಗೆ ಉಳಿಸಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಯಾವ ಜಲಸಸ್ಯವನ್ನೂ ಮುಟ್ಟಬೇಡಿ, ಏಕೆಂದರೆ ದೇವನಕ್ಕಿಗಳು ತೇಲುವ ಎಲೆಗಳ ಮೇಲೆಯೇ ಮೊಟ್ಟೆಯಿಡುವ ಕಾಲವದು.

ನೀರಿನಲ್ಲಿ ನಿಲ್ಲುವ ಮರ ಬೇಕೆಂದರೆ ನಮ್ಮ ನೆಲಕ್ಕೆ ಕರಿಜಾಲಿಗಿಂತ ಒಳ್ಳೆಯದು ಇನ್ನೊಂದಿಲ್ಲ. ನಿಮಗೆ ದೂರವಲ್ಲದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಒಮ್ಮೆ ಹೋಗಿ ಬನ್ನಿ. ನೂರು ಹೆಕ್ಟೇರಿನ ಆಸುಪಾಸಿನ ಹಳೆಯ ನೀರಾವರಿ ಕೆರೆಯದು. ಅಂಗಳದಲ್ಲಿ ಬೆಳೆದ ಜಾಲಿಮರಗಳು ನೀರಿನ ನಡುವೆ ನಿಂತಿವೆ, ಅವುಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬಾಯ್ಕಳಕಗಳೂ ಗೂಡು ಕಟ್ಟುತ್ತವೆ. ಸುತ್ತ ನೀರಿರುವುದರಿಂದ ನಾಯಿಯಾಗಲಿ ಮನುಷ್ಯನಾಗಲಿ ಗೂಡಿನ ಬುಡಕ್ಕೆ ಸುಲಭವಾಗಿ ಹೋಗಲಾರರು. ಆ ಕೆರೆ ಮೊದಲು ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಳ್ಳಾರಿ ಜಾಲಿಯನ್ನು ಮಾತ್ರ ಕರಿಜಾಲಿಯೊಂದಿಗೆ ಕಲಸಿಕೊಳ್ಳಬೇಡಿ. ಅದನ್ನು ತೆಗೆಯಬೇಕು, ಬೇರುಸಹಿತ ತೆಗೆಯಬೇಕು, ಕಡಿದು ಬಿಟ್ಟರೆ ಹತ್ತು ಕವಲಾಗಿ ಚಿಗುರುತ್ತದೆ. ಆದರೆ ಒಂದೇ ಬೇಸಿಗೆಯಲ್ಲಿ ಪೂರ್ತಿ ತೆಗೆದರೆ ಅದರೊಳಗೆ ತಂಗುತ್ತಿದ್ದ ಬೆಳ್ಳಕ್ಕಿಗಳಿಗೆ ನೆಲೆಯಿಲ್ಲದಂತಾಗುತ್ತದೆ. ಬದಲಿ ಮರ ಎತ್ತರವಾದ ಹಾಗೆ ಅದನ್ನು ಕಡಿಮೆ ಮಾಡುತ್ತಾ ಬನ್ನಿ.

ಹೂಳೆತ್ತುವುದನ್ನು ನಾನು ವಿರೋಧಿಸುವುದಿಲ್ಲ. ತೂಬಿನ ಮುಂದೆ, ಕೆರೆಯ ಆಳದ ಭಾಗದಲ್ಲಿ ತೆಗೆಯಿರಿ, ರೈತರು ಗೋಡನ್ನು ಹೊಲಕ್ಕೆ ಒಯ್ಯಲಿ. ಕೊನೆಯ ತಿಂಗಳುಗಳಲ್ಲಿ ಮೀನು, ಆಮೆಗಳಿಗೆ ನೀರು ಉಳಿಯುವುದು ಆ ಗುಂಡಿಯಲ್ಲಿಯೇ. ಸ್ವಲ್ಪ ಮಣ್ಣನ್ನು ಅಲ್ಲಿಯೇ ನಡುಗಡ್ಡೆಯಾಗಿ ಹಾಕಿಸಬಹುದು. ಅದರ ಬದಿಗಳು ನಿಧಾನವಾಗಿ ಇಳಿಯಲಿ, ಆದರೆ ನಾಯಿಗಳು ನಡೆದುಕೊಂಡು ಹೋಗದಂತೆ ಸುತ್ತ ಆಳವಿರಲಿ. ಹಿಂಬದಿಯ ದಂಡೆಗೆ ಯಂತ್ರ ತರಬೇಡಿ.

ನದಿಯಿಂದ ಪಂಪು ಮಾಡಿ ತುಂಬಿಸುವ ಕೆರೆಗಳಲ್ಲಿ ಇನ್ನೊಂದು ಹೊಸ ತೊಡಕಿದೆ. ಮಳೆಗೆ ತುಂಬುವ ಕೆರೆ ಬೇಸಿಗೆಯಲ್ಲಿ ಇಳಿಯಲೇಬೇಕು; ಪೈಪಿನಿಂದ ತುಂಬುವ ಕೆರೆಯನ್ನು ಏಪ್ರಿಲಿನಲ್ಲಿಯೂ ಕೋಡಿಯ ಮಟ್ಟಕ್ಕೆ ಏರಿಸಬಹುದು, ಆಗ ತೆರೆದ ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳ ಗೂಡುಗಳು ಎರಡು ದಿನಗಳಲ್ಲಿ ಮುಳುಗುತ್ತವೆ. ನಮ್ಮ ಜನರಿಗೆ ನೀರು ಬೇಡವೆಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. ಸಾಧ್ಯವಾದರೆ ಚಳಿಗಾಲದೊಳಗೆ ತುಂಬಿಸಿ, ಆಮೇಲೆ ನಿಧಾನವಾಗಿ ಇಳಿಯಲು ಬಿಡಿ ಎಂದಷ್ಟೇ ಪಂಚಾಯಿತಿಯ ಮುಂದೆ ಇಡಬಹುದು.

ಗಡಿಯ ವಿಷಯ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಜನರು ದಂಡೆಯೆಂದು ತಿಳಿದಿದ್ದ ಎಷ್ಟೋ ಜಾಗ ನಿಜಕ್ಕೂ ಜಲಾಶಯದ ಒಳಗಿನದಾಗಿತ್ತು. ಆದ್ದರಿಂದ ಈಗ ನೀರು ನಿಂತಿರುವಲ್ಲಿಗೆ ಕೆರೆ ಮುಗಿಯಿತು ಎಂದುಕೊಳ್ಳದೆ, ಕೋಡಿಯ ಮಟ್ಟವನ್ನು ಹಿಡಿದು ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಅದಕ್ಕೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಅದು ಪಂಚಾಯತ್ ವ್ಯವಸ್ಥೆಯ ಕೆಳಗೆ ಬರುತ್ತದೆ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಯಾರದೆಂದು ಮೊದಲು ತಿಳಿದುಕೊಳ್ಳಿ. 2017ರ ಜೌಗುಭೂಮಿ ನಿಯಮಗಳನ್ನು ನಂಬಿ ಕೂರಬೇಡಿ, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಅವು ಹೊರಗಿಟ್ಟಿವೆ. ಅದಕ್ಕಿಂತ 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಕೆಲಸಕ್ಕೆ ಬರುತ್ತದೆ. ಅದರ ದಾಖಲಾತಿಯಲ್ಲಿ ನಿಮ್ಮ ಕೆರೆಯ ಹಕ್ಕಿ, ಆಮೆ, ಮೀನುಗಳ ಹೆಸರು ಬರೆಸಿ. ಮೀನು ಹಿಡಿಯುವ ಗುತ್ತಿಗೆಯವರೊಂದಿಗೆ ಮಾತನಾಡಿ, ಹರಿದ ನೈಲಾನ್ ಬಲೆಗಳನ್ನು ನೀರಿನಲ್ಲಿ ಬಿಡದಂತೆ ಒಪ್ಪಿಸಿ; ಮುಳುಗಿ ಮೇಯುವ ಹಕ್ಕಿಗಳು ಅವುಗಳಲ್ಲಿ ಸಿಕ್ಕಿ ಸಾಯುತ್ತವೆ.

ಇನ್ನು ನಿಮ್ಮ ಎರಡು ಎಕರೆ. ಕೆರೆಗೆ ತಾಗಿದ ಅಂಚಿನಲ್ಲಿ 30 ಅಡಿ ಅಗಲದ ಪಟ್ಟಿಯನ್ನು ಉಳುಮೆ ಮಾಡದೆ ಬಿಡಲು ನಿಮಗೆ ಸಾಧ್ಯವಾದರೆ, ನೀವು ಕೇಳಿದ ಕೆಲಸದ ದೊಡ್ಡ ಪಾಲು ಅಲ್ಲಿಗೇ ಆಗುತ್ತದೆ. ಆ ಪಟ್ಟಿಗೆ ಕಳೆನಾಶಕ ಸಿಂಪಡಿಸಬೇಡಿ. ಮೇವಿಗೆ ಹುಲ್ಲು ಕೊಯ್ಯಬಹುದು, ಆದರೆ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕೂಗುತ್ತಿದ್ದರೆ ಹತ್ತಿರದಲ್ಲೇ ಮೊಟ್ಟೆಯಿದೆಯೆಂದು ತಿಳಿದು ಆ ವಾರ ಆ ಕಡೆ ಹೋಗಬೇಡಿ. ಮೊದಲ ವರ್ಷ ಏನನ್ನೂ ನೆಡದೆ, ನೀರು ತಿಂಗಳಿಗೆ ಎಷ್ಟು ಹೆಜ್ಜೆ ಹಿಂದೆ ಸರಿಯುತ್ತದೆ ಎಂಬುದನ್ನು ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಪಂಚಾಯಿತಿಯ ಅಂದಾಜುಪಟ್ಟಿ ತಯಾರಾಗುವ ಮುನ್ನ ಆ ಗೂಟಗಳನ್ನು ಎಂಜಿನಿಯರಿಗೆ ತೋರಿಸಿ. ಮಂಜೂರಾತಿಯಾದ ಮೇಲೆ ಅದನ್ನು ತಿದ್ದಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.