ಸಂಕ್ರಾಂತಿ ಬಿಸಿಲಿಗೆ ಬಂದ ಹಾವು

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಚಳಿಗಾಲದ ನಿದ್ದೆ ಮುಗಿಸಿ ಹೊರಬರುವ ಹಾವುಗಳನ್ನು ನೋಡಿ ಲೆಕ್ಕ ಬರೆಯಲು ಮಾರ್ಚ್‌ನಲ್ಲಿ ಹೋಗುತ್ತಾನಂತೆ. ನಮ್ಮ ಪಕ್ಕದ ಖಾಲಿ ಸೈಟಿನ ಕಲ್ಲುರಾಶಿ ಮೇಲೂ ಸಂಕ್ರಾಂತಿ ಕಳೆದ ಮೇಲೆ ಉದ್ದನೆಯ ಹಾವೊಂದು ಕಾಣುತ್ತದೆ. ಇಲ್ಲೂ ಹಾಗೆ ಮಾಡಬಹುದಾ?
– ಓದುಗರೊಬ್ಬರು, ತುರಹಳ್ಳಿ, ಬೆಂಗಳೂರು

ಉತ್ತರ: ಧಾರಾಳವಾಗಿ ಮಾಡಿ ಸ್ವಾಮಿ. ಆದರೆ ನಿಮ್ಮ ಹಾವು ಮಲಗೇ ಇರಲಿಲ್ಲ! ಇಂಗ್ಲೆಂಡಿನ ಆಡರ್, ನಮ್ಮ ಕೊಳಕುಮಂಡಲದ ದೂರದ ನೆಂಟ, ತಿಂಗಳುಗಟ್ಟಲೆ ನೆಲದೊಳಗಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮೊದಲು ಗಂಡುಗಳು ಹೊರಬಂದು ಬಿಲದ ಆಸುಪಾಸಿನಲ್ಲೇ ಬಿಸಿಲು ಕಾಯುತ್ತವೆ. ತಲೆ ಮೇಲಿನ ಗುರುತಿನ ಫೋಟೊ ನೋಡಿ, ಇದು ಹೋದ ವರ್ಷದ ಹಾವೇ ಅಂತಲೂ ಹೇಳಿಬಿಡುತ್ತಾರೆ.

ಬೆಂಗಳೂರಿನ ಜನವರಿ ನಮಗೆ ಸ್ವೆಟರ್ ಹಾಕಿಸುತ್ತದೆ ನಿಜ, ಹಾವನ್ನು ತಿಂಗಳುಗಟ್ಟಲೆ ಮಲಗಿಸುವಷ್ಟು ಚಳಿ ಇಲ್ಲಿಲ್ಲ. ಅದು ಓಡಾಟ ಕಡಿಮೆ ಮಾಡಿ, ಬಿಸಿಲೇರಿದ ಮೇಲೆ ಹೊರಬರುತ್ತದೆ ಅಷ್ಟೆ. ಬೆಳಿಗ್ಗೆ 9ರಿಂದ 10ರೊಳಗೆ ಯಾವ ಕಲ್ಲಿಗೆ ಬಿಸಿಲು ಬೀಳುತ್ತದೆ, ಮೊದಲು ಅದನ್ನು ಗುರುತು ಮಾಡಿಕೊಳ್ಳಿ. ಮಹಡಿ ಮೇಲಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಸಾಕು, ಸೈಟಿಗೆ ಇಳಿಯಬೇಡಿ. ಕಲ್ಲಂತೂ ಎತ್ತಲೇಬೇಡಿ.

ನೀವು ನೋಡಿದ್ದು ಬಹುಶಃ ಕೇರೆ. ಕಣ್ಣು ದೊಡ್ಡದು, ತುಟಿಯಂಚಿನಲ್ಲಿ ಪೆನ್ನಿನಲ್ಲಿ ಎಳೆದ ಹಾಗೆ ಕಪ್ಪು ಗೆರೆಗಳು. ಹೆಡೆ ಬಿಚ್ಚದ ನಾಗರ ದೂರದಿಂದ ಹಾಗೇ ಕಾಣುತ್ತದೆ, ಅನುಮಾನ ಬಂದರೆ ನಾಗರ ಅಂತಲೇ ಇಟ್ಟುಕೊಳ್ಳಿ. ಎರಡು ಕೇರೆ ಹೆಣೆದುಕೊಂಡು ಎದ್ದುನಿಂತರೆ ಮಿಲನ ಅಂತ, ಅದೃಷ್ಟಕ್ಕೆಂದು ಅವುಗಳ ಮೇಲೆ ಪಂಚೆ ಎಸೆಯಲು ಓಡುವವರಿದ್ದಾರೆ. ಸಾಮಾನ್ಯವಾಗಿ ಅದು ಎರಡು ಗಂಡುಗಳ ಕುಸ್ತಿ!

ಹಾವು ಕಾಣದ ದಿನ ಕಾಂಪೌಂಡ್ ಅಂಚಿನಲ್ಲಿ ಪೊರೆ ಸಿಕ್ಕೀತು. ಕೋಲಿನಿಂದ ಎತ್ತಿ ಬೆಳಕಿಗೆ ಹಿಡಿಯಿರಿ. ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯಾಗಿದ್ದರೆ ಅದು ಬಹುಶಃ ಕಟ್ಟುಹಾವಿನದು. ರಾತ್ರಿ ಓಡಾಡುವ ಈ ವಿಷದ ಹಾವು ನಿಮ್ಮ ಬೈನಾಕ್ಯುಲರ್‌ಗೆ ಸಿಗುವುದು ಕಷ್ಟ. ಪೊರೆ ಕಳಚುವಾಗ ಹಿಗ್ಗುತ್ತದೆ, ಅದನ್ನು ಅಳೆದು ಹಾವಿನ ಉದ್ದ ಅಂತ ಬರೆಯಬೇಡಿ.

ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಬಿಸಿಲೋ ಮೋಡವೋ, ಯಾವ ಕಲ್ಲು, ಇಷ್ಟು ಸಾಕು. ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡಿ, ಮರುದಿನವೇ ಜೆಸಿಬಿ ಬಂದು ನಿಲ್ಲುತ್ತದೆ. ಸೈಟಿನಲ್ಲಿರುವ ಹಾವನ್ನು ಸುಮ್ನೆ ಹಿಡಿಸುವುದೂ ಬೇಡ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮೇ, ಜೂನ್‌ನಲ್ಲಿ ನಾಗರದ ಮೊಟ್ಟೆ ಒಡೆಯುತ್ತವೆ, ಕೊಳಕುಮಂಡಲ ಮರಿ ಹಾಕುತ್ತದೆ. ನಿಮ್ಮ ನೋಟ್‌ಬುಕ್ಕಿಗೆ ಆಗಲೇ ಜಾಸ್ತಿ ಕೆಲಸ. ಹೊರಗೆ ಬಿಟ್ಟ ಶೂ ಕೊಡವಿ ಹಾಕಿಕೊಳ್ಳಿ.