ಕಾಫಿಯಲ್ಲಿ ಓಕ್ರಾಟಾಕ್ಸಿನ್ ಹುಡುಕಲು ಎರ್ಬಿಯಂ ಹರಳು ಒಳ್ಳೆಯದಾ, ಥೂಲಿಯಂ ಹರಳಾ?

ನಾನೂ ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ಮನೆ ಮೂಡಿಗೆರೆ ಕಡೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದಲ್ಲೇ ಕಾಫಿಗೆ ಬೂಷ್ಟು ಬರುತ್ತದಲ್ಲ, ಓಕ್ರಾಟಾಕ್ಸಿನ್ ಅನ್ನೋ ವಿಷ ಬಿಡೋದು ಅದರಲ್ಲೇ ಕೆಲವು ಜಾತಿ. ಹುರಿದ ಕಾಫಿಗೆ ಯುರೋಪಿನ ಮಿತಿ ಕಿಲೋಗೆ 5 ಮೈಕ್ರೋಗ್ರಾಂ ಇದ್ದದ್ದು 2023ರಿಂದ 3ಕ್ಕೆ ಇಳಿದಿದೆ.

ವಿಷವನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ, ಅಂದರೆ ಆಂಟಿಬಾಡಿಗೆ, ಹೊಳೆಯುವ ಪುಟ್ಟ ಹರಳು ಕಟ್ಟಿ, ಆ ಬೆಳಕು ನೋಡಿ ವಿಷ ಅಳೆಯೋದು ಇಲ್ಲಿನ ಉಪಾಯ. ಎರ್ಬಿಯಂ, ಥೂಲಿಯಂ ಹರಳಿಗೆ ಹೊಳಪು ಕೊಡೋ ಲೋಹಗಳು. ನಾನು ಸೋಡಿಯಂ ಯಿಟ್ರಿಯಂ ಫ್ಲೋರೈಡ್‌ಗೆ ನೂರಕ್ಕೆ 20 ಇಟರ್ಬಿಯಂ, 2 ಎರ್ಬಿಯಂ ಸೇರಿಸಿದ್ದೆ. ಯುವಿ ಬೆಳಕು ಹಾಯಿಸಿದರೆ ಕಾಫಿ ಸಾರವೇ ಮಿನುಗಿ ಕಾಟ ಕೊಡುತ್ತದೆ, 980 ನ್ಯಾನೋಮೀಟರ್ ಲೇಸರ್‌ಗೆ ಹಾಗಲ್ಲ, ಹರಳು ಮಾತ್ರ ಹಸಿರಾಗಿ ಹೊಳೆಯುತ್ತದೆ. (ಆ ಲೇಸರ್ ಕಣ್ಣಿಗೆ ಕಾಣಲ್ಲ, ಅದಕ್ಕೆಂದೇ ಇರುವ ಕನ್ನಡಕ ಇಲ್ಲದೆ ಆನ್ ಮಾಡಲೇಬೇಡಿ.) ಸೈಕ್ಲೋಹೆಕ್ಸೇನ್ ಅನ್ನೋ ದ್ರಾವಕದಲ್ಲಿ ಹರಳು ಎಷ್ಟು ಚೆನ್ನಾಗಿ ಬೆಳಗುತ್ತಿತ್ತೆಂದರೆ ಕೆಲಸ ಮುಗಿದೇ ಹೋಯಿತು ಅಂದುಕೊಂಡೆ.

ಎಡವಿದ್ದು ಆಮೇಲೆ. ಹರಳಿನ ಮೇಲಿನ, ನೀರಿಗೆ ಸೇರದ ಓಲಿಕ್ ಆಸಿಡ್ ಪದರವನ್ನು ಆಸಿಡ್‌ನಲ್ಲಿ ತೊಳೆದು, ನೀರಿಗೆ ಹೊಂದುವ ಪಾಲಿಅಕ್ರಿಲಿಕ್ ಆಸಿಡ್ ಹಚ್ಚಿ, ಅದಕ್ಕೆ ಆಂಟಿಬಾಡಿ ಕಟ್ಟಿ, ಸೀದಾ ಆಮ್ಲೀಯತೆ ಏರುಪೇರಾಗದಂತೆ ಕಾಯುವ ಫಾಸ್ಫೇಟ್ ಬಫರ್‌ಗೆ ಹಾಕಿದೆ. ಲ್ಯಾಬ್‌ನಲ್ಲಿ ಎಲ್ಲದಕ್ಕೂ ಅದೇ ಬಫರ್ ಅಲ್ವಾ, ಯೋಚನೆಯೇ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಟ್ಯೂಬಿನ ತಳದಲ್ಲಿ ಬೆಳ್ಳಗೆ ಗಸಿ. ಲೇಸರ್ ಬಿಟ್ಟರೆ ಆ ಗಸಿ ಮಾತ್ರ ಹಸಿರು, ಮೇಲಿನ ನೀರು ಪೂರ್ತಿ ಕತ್ತಲೆ. ನಾನು ಬೈದದ್ದು ಆಂಟಿಬಾಡಿಯನ್ನು! ಇನ್ನೊಂದು ವೈಲ್ ತರಿಸಿದೆ, ಮತ್ತೆ ಅದೇ ಗಸಿ. ದುಡ್ಡೂ ಹೋಯಿತು, ಸೆಮಿಸ್ಟರೂ ಹೋಯಿತು.

ಆಗಿದ್ದೇನೆಂದರೆ, ಹರಳಿನ ಮೈಮೇಲಿರುವ ಯಿಟ್ರಿಯಂ, ಇಟರ್ಬಿಯಂಗಳಿಗೆ ಫಾಸ್ಫೇಟ್ ಕಂಡರೆ ವಿಪರೀತ ಪ್ರೀತಿ. ಫಾಸ್ಫೇಟ್ ಬಂದು ಅಂಟಿಕೊಂಡು, ಮೊದಲಿದ್ದ ಪದರವನ್ನು ಎಬ್ಬಿಸಿ ಕಳಿಸುತ್ತದೆ. ಪದರ ಹೋದರೆ ಅದಕ್ಕೆ ಕಟ್ಟಿದ್ದ ಆಂಟಿಬಾಡಿಯೂ ಹೋಯಿತು, ಹರಳುಗಳು ಒಂದಕ್ಕೊಂದು ಗಂಟು ಬಿದ್ದು ತಳ ಸೇರಿದವು. ತುಂಬಾ ತೆಳುವಾಗಿ ಕಲಸಿಟ್ಟರೆ ಹರಳು ನಿಧಾನಕ್ಕೆ ಕರಗುವುದೂ ಉಂಟು. ಬಫರನ್ನು ಫಾಸ್ಫೇಟ್ ಇಲ್ಲದ ಹೆಪೆಸ್ ಅನ್ನೋದಕ್ಕೆ ಬದಲಾಯಿಸಿದ ಮೇಲೆಯೇ ಹರಳು ನೀರಿನಲ್ಲಿ ನಿಂತಿದ್ದು.

ಹಾಗಾಗಿ ಎರ್ಬಿಯಂ, ಥೂಲಿಯಂ ಅನ್ನೋ ಚರ್ಚೆಯೇ ದಂಡ ಅಂತ ನನಗನಿಸುತ್ತದೆ. ಸುಮ್ನೆ ಎರ್ಬಿಯಂ ಹಾಕಿ, ಹಸಿರು ಕಣ್ಣಿಗೆ ಕಾಣುತ್ತದೆ. ಇನ್ನೊಂದು, ಓಕ್ರಾಟಾಕ್ಸಿನ್ ಪುಟ್ಟ ಅಣು, ಒಂದೇ ಸಲಕ್ಕೆ ಎರಡು ಆಂಟಿಬಾಡಿ ಅದನ್ನು ಹಿಡಿಯಲಾರವು. ಪರೀಕ್ಷೆಯ ಸ್ಟ್ರಿಪ್ಪಿನಲ್ಲಿ ಪೈಪೋಟಿ ವಿಧಾನವೇ ಗತಿ: ಕಾಫಿಯಲ್ಲಿರುವ ವಿಷವೂ ಗೆರೆ ಮೇಲೆ ಅಂಟಿಸಿದ ವಿಷವೂ ಒಂದೇ ಆಂಟಿಬಾಡಿಗೆ ಪೈಪೋಟಿ ಮಾಡುತ್ತವೆ, ಅಂದರೆ ವಿಷ ಜಾಸ್ತಿಯಾದಷ್ಟೂ ಗೆರೆ ಮಂಕಾಗುತ್ತದೆ. ಮಂಕಾಗುವುದನ್ನೇ ಅಳೆಯಬೇಕಾದಾಗ ಯಾವುದು ಜಾಸ್ತಿ ಬೆಳಗುತ್ತದೆ ಅಂತ ತಲೆ ಕೆಡಿಸಿಕೊಂಡು ಏನು ಮಾಡ್ತೀರಿ? ಆಂಟಿಬಾಡಿ ವೈಲ್‌ನ ಲೇಬಲ್ ಓದಿ. ಸಾಮಾನ್ಯವಾಗಿ ಅದು ಬರೋದೇ ಫಾಸ್ಫೇಟ್ ಬಫರ್‌ನಲ್ಲಿ, ಹರಳಿಗೆ ಸೇರಿಸುವ ಮೊದಲು ಅದನ್ನೂ ಬದಲಾಯಿಸಿಕೊಳ್ಳಿ.